ಒಣಗಿ ಬದುಕುವ ಬೀಜ, ಒಣಗಿ ಸಾಯುವ ಬೀಜ

10 ಗ್ರಾಂ ಪರಂಗಿ ಬೀಜದ ಪೊಟ್ಟಣದಲ್ಲಿ ಐದಾರು ನೂರು ಬೀಜ ಇರುತ್ತವೆ. ಆರಡಿಗೊಂದರಂತೆ ಗುಂಡಿ ತೆಗೆದರೆ ಎಕರೆಗೆ ಹಿಡಿಸುವುದು ಸುಮಾರು 1,210 ಗಿಡ. ಲೆಕ್ಕದ ಪ್ರಕಾರ ಎರಡು ಪೊಟ್ಟಣ, ಹೆಚ್ಚೆಂದರೆ ಎರಡೂವರೆ ಸಾಕು. ಪರಂಗಿ ಬೆಳೆದು ರೂಢಿಯಿರುವ ಯಾರೂ ಈ ಲೆಕ್ಕ ನಂಬಿ ಅಂಗಡಿಗೆ ಹೋಗುವುದಿಲ್ಲ. ಒಂದು ಪೊಟ್ಟಣ ಹೆಚ್ಚಿಗೇ ತರುತ್ತಾರೆ. ತೈವಾನಿನಿಂದ ಬಂದ ರೆಡ್ ಲೇಡಿಯಂಥ ಹೈಬ್ರಿಡ್ ಬೀಜವನ್ನು ಗ್ರಾಂ ಲೆಕ್ಕದಲ್ಲಿ ಕೊಳ್ಳುವವರಿಗೆ ಅದು ಸಣ್ಣ ಖರ್ಚಲ್ಲ.

ಬೀಜ ಹುಟ್ಟದೇ ಹೋಗುವುದು ಒಂದು ನಷ್ಟ. ಹುಟ್ಟುವ ಬೀಜ ಒಟ್ಟಿಗೆ ಹುಟ್ಟದಿರುವುದು ಅದಕ್ಕಿಂತ ದೊಡ್ಡ ತಾಪತ್ರಯ. ಬಿತ್ತಿದ ಎರಡನೇ ವಾರಕ್ಕೆ ಕೆಲವು ತಲೆ ಎತ್ತುತ್ತವೆ. ಮೂರನೇ ವಾರಕ್ಕೆ ಇನ್ನೊಂದಷ್ಟು. ಚಳಿಗಾಲವಾದರೆ ತಿಂಗಳು ಕಳೆದ ಮೇಲೂ ಒಂದೊಂದೇ ಇಣುಕುತ್ತಿರುತ್ತವೆ. ಅಷ್ಟು ಹೊತ್ತಿಗೆ ಮೊದಲು ಹುಟ್ಟಿದ ಸಸಿ ನಾಲ್ಕೆಲೆ ಬಿಟ್ಟು ಪಕ್ಕದ್ದಕ್ಕೆ ನೆರಳು ಮಾಡುತ್ತದೆ. ಟ್ರೇಗೆ ನೀರು ಯಾರ ಅಳತೆಗೆ ಕೊಡುವುದು? ಹುಟ್ಟಿದವಕ್ಕೆ ಕೊಟ್ಟರೆ ಹುಟ್ಟದವು ಕೊಳೆಯುತ್ತವೆ, ಹುಟ್ಟದವಕ್ಕೆ ತಕ್ಕಂತೆ ಹಿಡಿದರೆ ಹುಟ್ಟಿದವು ಬಾಡುತ್ತವೆ. ನೆಟ್ಟ ಮೇಲೂ ಈ ಏರುಪೇರು ತೋಟದಲ್ಲಿ ಉಳಿಯುತ್ತದೆ. ಒಂದೇ ಸಾಲಿನ ಒಂದು ಗಿಡ ಹೂ ಬಿಡುವಾಗ ಇನ್ನೊಂದು ಮೊಣಕಾಲೆತ್ತರದಲ್ಲಿ ನಿಂತಿರುತ್ತದೆ.

ಗಂಡು ಹೆಣ್ಣು ಬೇರೆಬೇರೆ ಮರವಾಗುವ ತಳಿಗಳಲ್ಲಿ ಈ ಕಷ್ಟ ಮೂರುಪಟ್ಟು. ಹೂ ಬರುವ ತನಕ ಗಿಡ ಯಾವುದೆಂದು ತಿಳಿಯದ ಕಾರಣ ಗುಂಡಿಗೆ ಮೂರು ಸಸಿ ನೆಡುತ್ತಾರೆ. ಮೂರೂ ಗಂಡೇ ಆಗುವ ಸಂಭವ ಎಂಟರಲ್ಲಿ ಒಂದು. ಒಂದೇ ಸಸಿ ನೆಟ್ಟರೆ ಅರ್ಧ ತೋಟ ಗಂಡಾದೀತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಸೂರ್ಯ, ಅರ್ಕ ಪ್ರಭಾತ್, ಕೊಡಗಿನ ಚೆಟ್ಟಳ್ಳಿಯಿಂದ ಬಂದ ಕೂರ್ಗ್ ಹನಿಡ್ಯೂ ತಳಿಗಳಲ್ಲಿ ಗಂಡು ಮರದ ಕಾಟವಿಲ್ಲ. ಅಲ್ಲಿ ಹುಟ್ಟಿದ್ದೆಲ್ಲ ಕಾಯಿ ಕೊಡುತ್ತದೆ, ಆದ್ದರಿಂದ ಒಂದೊಂದು ಬೀಜಕ್ಕೂ ಬೆಲೆ. ತಳಿ ಯಾವುದಿದ್ದರೂ ತೋಟ ಹೇಗೆ ನಿಲ್ಲುತ್ತದೆ ಎನ್ನುವುದು ಗುಂಡಿ ತೆಗೆಯುವುದಕ್ಕೆ ಬಹಳ ಮುಂಚೆಯೇ, ಹಣ್ಣಿನಿಂದ ಹೊರಬಂದ ಬೀಜ ಮಣ್ಣು ಸೇರುವ ಮಧ್ಯದ ದಿನಗಳಲ್ಲಿ ತೀರ್ಮಾನವಾಗಿಬಿಡುತ್ತದೆ. ತಳಿಯ ಬಗ್ಗೆ, ಗೊಬ್ಬರದ ಬಗ್ಗೆ, ನಂಜುರೋಗದ ಬಗ್ಗೆ ಎಷ್ಟೆಲ್ಲ ಮಾತಾಡುವ ನಾವು ಆ ಮಧ್ಯದ ದಿನಗಳ ಬಗ್ಗೆ ಮಾತಾಡುವುದೇ ಇಲ್ಲ. ನನಗೆ ಇದು ದೊಡ್ಡ ಕೊರತೆಯಾಗಿ ಕಾಣುತ್ತದೆ.

ಪರಂಗಿ ಹಣ್ಣು ಸೀಳಿದರೆ ಕಾಣುವ ಕಪ್ಪು ಬೀಜಗಳ ಮೇಲೆ ಒಂದು ಜಾರುವ ಲೋಳೆಚೀಲವಿದೆ. ಬೆರಳಲ್ಲಿ ಹಿಸುಕಿದರೆ ಪಚಕ್ಕನೆ ಒಡೆಯುತ್ತದೆ. ಈ ಚೀಲದಲ್ಲಿ ಮೊಳಕೆಯನ್ನು ತಡೆಯುವ ಫಿನಾಲ್ ಜಾತಿಯ ವಸ್ತುಗಳಿವೆ. ಹಣ್ಣಿನೊಳಗಿನ ಬೆಚ್ಚನೆಯ ತೇವದಲ್ಲೇ ಬೀಜ ಮೊಳೆತುಬಿಡಬಾರದಲ್ಲ, ಅದಕ್ಕೆ ಗಿಡ ಮಾಡಿಕೊಂಡ ಏರ್ಪಾಡು. ಒಳಗಿನ ಬೀಜವನ್ನು ಜಗಿದರೆ ಸಾಸಿವೆಯ ಘಾಟು ಮೂಗಿಗೆ ಹೊಡೆಯುತ್ತದೆ. ಅದು ಬೆಂಜೈಲ್ ಐಸೋಥಯೋಸಯನೇಟ್ ಎಂಬ ರಾಸಾಯನಿಕದ್ದು, ಸಾಸಿವೆಯ ಘಾಟಿಗೆ ಹತ್ತಿರದ ನೆಂಟ. ಒಣಗಿದ ಪರಂಗಿ ಬೀಜವನ್ನು ಕಾಳುಮೆಣಸಿಗೆ ಕಲಬೆರಕೆ ಮಾಡುವವರಿಗೆ ಬಣ್ಣ ಗಾತ್ರಗಳ ಜೊತೆ ಈ ಖಾರವೂ ಅನುಕೂಲವಾಗಿದೆ.

ಲೋಳೆ ಹೋಗದೆ ಒಣಗಿದ ಬೀಜ ತಡವಾಗಿ ಹುಟ್ಟುತ್ತದೆ, ಕಡಿಮೆ ಹುಟ್ಟುತ್ತದೆ. ಹಳ್ಳಿಗಳಲ್ಲಿ ಬೀಜಕ್ಕೆ ಒಲೆಬೂದಿ ಹಾಕಿ ಅಂಗೈಯಲ್ಲಿ ತಿಕ್ಕುತ್ತಾರೆ. ಬೂದಿ ಲೋಳೆಯನ್ನು ಕೀಳುತ್ತದೆ, ತೇವವನ್ನೂ ಹೀರುತ್ತದೆ. ಹೆಚ್ಚು ಬೀಜವಿದ್ದರೆ ಒಂದೆರಡು ದಿನ ನೀರಲ್ಲಿ ಬಿಟ್ಟು, ಲೋಳೆ ಹುಳಿತು ಸಡಿಲವಾದ ಮೇಲೆ ಜರಡಿಯ ಮೇಲೆ ಉಜ್ಜಿ ತೊಳೆಯುವುದುಂಟು. ತೊಳೆಯುವಾಗ ತೇಲಿದ್ದು ಜೊಳ್ಳು, ಅದನ್ನು ಚೆಲ್ಲಬೇಕು. ಮುಳುಗಿದ್ದನ್ನು ನೆರಳಲ್ಲಿ, ಗಾಳಿಯಾಡುವ ಕಡೆ, ತೆಳ್ಳಗೆ ಹರಡಬೇಕು. ಬೇಗ ಒಣಗಲೆಂದು ಏಪ್ರಿಲ್ ಬಿಸಿಲಲ್ಲಿ ತಗಡಿನ ಮೇಲೆ ಹರವಿದರೆ ಬೀಜ ಬೆಂದುಹೋಗುತ್ತದೆ, ನೋಡಲು ಮಾತ್ರ ಸೊಗಸಾಗಿರುತ್ತದೆ.

ಇದಕ್ಕೂ ಮೊದಲಿನ ಒಂದು ಹೆಜ್ಜೆ ಹಲವರಿಗೆ ತಪ್ಪುತ್ತದೆ. ಅರೆಹಣ್ಣಿನಿಂದ ತೆಗೆದ ಬೀಜ ಕಪ್ಪಾಗಿದ್ದರೂ ಬಲಿತಿರಬೇಕೆಂದಿಲ್ಲ. ಮರದಲ್ಲಿ ಹಳದಿ ತಿರುಗಿದ ಹಣ್ಣನ್ನು ಕಿತ್ತು, ಕೆಲವು ದಿನ ಹಾಗೇ ಇಟ್ಟು, ಪೂರ್ತಿ ಮೆತ್ತಗಾದ ಮೇಲೆ ಬೀಜ ತೆಗೆದರೆ ಒಳಗಿನ ಭ್ರೂಣಕ್ಕೆ ಬಲಿಯಲು ಸಮಯ ಸಿಗುತ್ತದೆ. ಎಳೆಯ ಬೀಜ ಅಂದಿಗೆ ಮೊಳೆತರೂ ಡಬ್ಬಿಯಲ್ಲಿ ಬಾಳುವುದಿಲ್ಲ. ಮಾರುಕಟ್ಟೆಗೆಂದು ಕಾಯಾಗಿಯೇ ಕಿತ್ತು ಹಣ್ಣು ಮಾಡಿದ ಪರಂಗಿಯಿಂದ ಬೀಜ ಎತ್ತಿಟ್ಟುಕೊಳ್ಳುವವರು ಇದನ್ನು ಗಮನಿಸಬೇಕು. ಹೈಬ್ರಿಡ್ ಹಣ್ಣಿನ ಬೀಜವಾದರೆ ತಾಯಿಯ ಗುಣವೇ ಬರುವ ಭರವಸೆಯೂ ಇಲ್ಲ.

ಇನ್ನು ಇಟ್ಟುಕೊಳ್ಳುವ ವಿಷಯ. ಬೀಜವೆಂದರೆ ಒಣಗಿಸಿ ಡಬ್ಬಿಗೆ ತುಂಬುವಂಥದ್ದು ಎಂದು ನಮಗೆ ರಾಗಿ, ಜೋಳ, ಅವರೆ ಕಲಿಸಿವೆ. ಹಣ್ಣಿನ ಮರಗಳಲ್ಲಿ ಹಲವು ಈ ಪಾಠವನ್ನು ಒಪ್ಪುವುದಿಲ್ಲ. 1973ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಇ. ಎಚ್. ರಾಬರ್ಟ್ಸ್ ಬೀಜಗಳನ್ನು ಎರಡು ಜಾತಿಯಾಗಿ ವಿಂಗಡಿಸಿದರು. ಒಣಗಿಸಿದಷ್ಟೂ, ತಂಪಿನಲ್ಲಿಟ್ಟಷ್ಟೂ ಹೆಚ್ಚು ಕಾಲ ಬಾಳುವವು ಒಂದು. ಒಣಗಿಸಿದರೆ ಸತ್ತೇಹೋಗುವವು ಇನ್ನೊಂದು. ಹುಣಸೆ, ಸೀತಾಫಲ, ಬೆಟ್ಟದ ನೆಲ್ಲಿ ಮೊದಲ ಗುಂಪಿನವು. ಹಲಸು, ಮಾವು, ನೇರಳೆ, ಮುರುಗಲು ಎರಡನೆಯದಕ್ಕೆ ಸೇರುತ್ತವೆ.

ಮೊದಲ ಗುಂಪಿನ ತಾಳಿಕೆ ಎಷ್ಟು ದೂರ ಹೋಗಬಹುದು ಎನ್ನುವುದಕ್ಕೆ ಖರ್ಜೂರಕ್ಕಿಂತ ದೊಡ್ಡ ಸಾಕ್ಷಿಯಿಲ್ಲ. ಮೃತ ಸಮುದ್ರದ ದಂಡೆಯ ಮಸಾಡ ಕೋಟೆಯನ್ನು 1960ರ ದಶಕದಲ್ಲಿ ಅಗೆದಾಗ ಸುಮಾರು 2,000 ವರ್ಷ ಹಳೆಯ ಖರ್ಜೂರದ ಬೀಜಗಳು ಸಿಕ್ಕವು. ದಶಕಗಳ ಕಾಲ ಅವು ಸಂಗ್ರಹದಲ್ಲೇ ಇದ್ದವು. ವೈದ್ಯೆ ಸಾರಾ ಸ್ಯಾಲನ್ ಕೆಲವನ್ನು ಕೇಳಿ ಪಡೆದರು. 2005ರಲ್ಲಿ ಇಸ್ರೇಲಿನ ಅರಾವಾ ಕಣಿವೆಯ ಕೆಟುರಾದಲ್ಲಿ ಎಲೇನ್ ಸೊಲೋವೆ ಮೂರು ಬೀಜ ಊರಿದರು. ಒಂದು ಮೊಳೆಯಿತು. ಅದಕ್ಕೆ ಮೆಥುಸೆಲಾ ಎಂದು ಹೆಸರಿಟ್ಟರು. 2020ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಅದೇ ಸೀಮೆಯ ಪುರಾತನ ಬೀಜಗಳಿಂದ ಇನ್ನೂ ಆರು ಗಿಡ ಎದ್ದವು. ಅವುಗಳಲ್ಲಿ ಹನ್ನಾ ಎಂಬ ಹೆಣ್ಣು ಮರ ಮೆಥುಸೆಲಾದ ಪರಾಗದಿಂದ ಹಣ್ಣನ್ನೂ ಬಿಟ್ಟಿತು. ಅಲ್ಲಿಯ ಮಳೆಯಿಲ್ಲದ ಒಣಹವೆ ಬೀಜವನ್ನು ಕಾದಿತ್ತು. ಎಬ್ಬಿಸುವ ಕೆಲಸ ಮನುಷ್ಯರದಾಯಿತು: ಬೀಜವನ್ನು ಊರುವ ಮೊದಲು ನೀರಲ್ಲಿ ನೆನೆಸಿ, ಜಿಬ್ಬರೆಲಿಕ್ ಆಮ್ಲದಲ್ಲಿ ಅದ್ದಿ, ಬೇರಿನ ಹಾರ್ಮೋನು ಮತ್ತು ಪೋಷಕ ದ್ರಾವಣ ಕುಡಿಸಿದ್ದರು. ಕೂಡಿಡುವುದು ಮತ್ತು ನೆನೆಸಿ ಎಬ್ಬಿಸುವುದು, ಎರಡೂ ಕೈಹಿಡಿದ ಪ್ರಕರಣ ಇದು.

ಈಗ ಹಲಸಿಗೆ ಬನ್ನಿ. ತೊಳೆಯಿಂದ ಬಿಡಿಸಿದ ಹಲಸಿನ ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ನೆಲದ ಮೇಲೆ ಹರಡಿ ಬಿಟ್ಟರೆ ಕೆಲವೇ ವಾರದಲ್ಲಿ ಅದರ ಜೀವ ಮುಗಿಯುತ್ತದೆ. ನೇರಳೆಗೆ ಎರಡು ವಾರ ಸಿಕ್ಕರೆ ಹೆಚ್ಚು. ಮಾವಿನ ವಾಟೆಗೆ ಒಂದು ತಿಂಗಳ ಆಸುಪಾಸು. ಇದನ್ನು ದೌರ್ಬಲ್ಯ ಎನ್ನಲು ನನಗೆ ಮನಸ್ಸಿಲ್ಲ. ಈ ಮರಗಳು ಹಣ್ಣು ಉದುರಿಸುವ ಕಾಲವನ್ನು ನೋಡಿ. ಮಾವು, ಹಲಸು ಮುಂಗಾರಿನ ಹೊಸ್ತಿಲಲ್ಲಿ, ನೇರಳೆ ಮಳೆಯ ಜೊತೆಯಲ್ಲಿ. ಬಿದ್ದ ಬೀಜಕ್ಕೆ ಕೆಳಗೆ ಒದ್ದೆ ನೆಲ ಸಿದ್ಧವಾಗಿರುತ್ತದೆ. ಮಲಗಿ ಕಾಯುವ ಅಗತ್ಯವೇ ಇಲ್ಲದ ಬೀಜ ಮಲಗುವುದನ್ನು ಕಲಿಯಲಿಲ್ಲ. ಮರದಿಂದ ಬೀಳುವಾಗಲೇ ಅದರೊಳಗೆ ಮೊಳಕೆಯ ಕೆಲಸ ಶುರುವಾಗಿರುತ್ತದೆ.

ಕರಾವಳಿ ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ಸಾರು ಪಲ್ಯಕ್ಕೆಂದು ಹಲಸಿನ ಬೀಜಕ್ಕೆ ಕೆಮ್ಮಣ್ಣು ಬಳಿದು ಮೂಲೆಯಲ್ಲಿ ರಾಶಿ ಹಾಕುವ ಪದ್ಧತಿ ಇದೆ. ಅಡುಗೆಗಾಗಿ ಕಂಡುಕೊಂಡ ಉಪಾಯ ಅದು. ಆದರೆ ಬೀಜವಿಜ್ಞಾನ ಹಲಸಿಗೆ ಹೇಳುವ ಮಾತೂ ಅದೇ: ನೀರು ಆರದಂತೆ ನೋಡು, ಉಸಿರಾಡಲು ಬಿಡು. ಇವತ್ತು ನರ್ಸರಿಗಳು ಮಣ್ಣಿನ ಬದಲು ಹಸಿ ಮರಳನ್ನೋ ತೆಂಗಿನ ನಾರಿನ ಪುಡಿಯನ್ನೋ ಬಳಸುತ್ತವೆ. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದರೆ ಬೀಜ ಉಸಿರುಗಟ್ಟಿ ಹುಳಿಯುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಚಳಿಗೇ ಸಾಯುತ್ತದೆ. ಸೆಕೆಯ ನಾಡಿನ ಈ ಬೀಜಗಳಿಗೆ ನಾಲ್ಕೈದು ಡಿಗ್ರಿ ತಂಪು ತಡೆಯುವುದಿಲ್ಲ.

ಹಲಸು ಮಾವುಗಳನ್ನು ಕಸಿಯಿಂದ ಬೆಳೆಸುವ ಕಾಲದಲ್ಲಿ ಬೀಜದ ಮಾತೇಕೆ ಎಂದು ಕೇಳಬಹುದು. ಕಸಿಗೆ ಕಾಲು ಕೊಡುವುದೇ ಬೀಜದ ಸಸಿ. ತುಮಕೂರು ಸೀಮೆಯ ಸಿದ್ದು ಹಲಸಿಗೆ ಬೇಡಿಕೆ ಬಂದಾಗ ಸಾವಿರಾರು ಕಸಿ ಗಿಡ ಬೇಕಾದವು. ಪ್ರತಿಯೊಂದರ ಬುಡದಲ್ಲೂ ಹೆಸರಿಲ್ಲದ ಯಾವುದೋ ಹಲಸಿನ ಬೀಜ ಮೊಳೆತಿರಲೇಬೇಕು. ಮಾವಿನ ವಾಟೆ ಕಸಿಯಲ್ಲಂತೂ ಮೊಳೆತು ಕೆಲವೇ ದಿನವಾದ, ಇನ್ನೂ ಕೆಂಪಾಗಿರುವ ಎಳೆ ದಂಟನ್ನೇ ಕತ್ತರಿಸಿ ಕಡ್ಡಿ ಕೂರಿಸುತ್ತಾರೆ. ನೂರು ವಾಟೆ ಒಂದೇ ವಾರದಲ್ಲಿ ಎದ್ದರೆ ಕಸಿಗಾರರ ಕೈಗೆ ಒಂದೇ ಸಲ ಕೆಲಸ ಸಿಗುತ್ತದೆ. ಇಂದು ಎರಡು ನಾಳೆ ಮೂರು ಎಂದಾದರೆ ಆಳಿನ ಕೂಲಿಯೂ ಹೋಯಿತು, ಕಡ್ಡಿಯ ಹದವೂ ಹೋಯಿತು. ಅದಕ್ಕೆ ಅನುಭವಸ್ಥರು ವಾಟೆಯನ್ನು ನೀರಿಗೆ ಹಾಕಿ ತೇಲಿದ್ದನ್ನು ಬಿಡುತ್ತಾರೆ. ಹೊರಚಿಪ್ಪು ಬಿಡಿಸಿ ಒಳಪಪ್ಪನ್ನೇ ಊರುವವರೂ ಇದ್ದಾರೆ. ಚಿಪ್ಪು ಹೋದರೆ ನೀರು ಗಾಳಿ ಬೇಗ ಒಳಗೆ ಹೋಗುತ್ತವೆ, ಮೊಳಕೆ ಸೊಟ್ಟಗಾಗದೆ ನೆಟ್ಟಗೆ ಏಳುತ್ತದೆ.

ಇವೆರಡೂ ಗುಂಪಿಗೆ ಸೇರದೆ ನಡುವೆ ನಿಂತ ಬೀಜಗಳೂ ಇವೆ. 1990ರಲ್ಲಿ ಎಲ್ಲಿಸ್, ಹಾಂಗ್ ಮತ್ತು ರಾಬರ್ಟ್ಸ್ ಕಾಫಿಯನ್ನು ಪರೀಕ್ಷಿಸುತ್ತ ಇಂಥ ಮಧ್ಯಮ ವರ್ಗವೊಂದಿದೆ ಎಂದರು. ಮರುವರ್ಷ ಅದೇ ತಂಡ ಪರಂಗಿಯನ್ನೂ ಅಲ್ಲಿಗೇ ಸೇರಿಸಿತು. ಇವು ಒಂದು ಮಟ್ಟದವರೆಗೆ ಒಣಗುವುದನ್ನು ತಾಳುತ್ತವೆ, ಅದನ್ನು ದಾಟಿದರೆ ಸೊರಗುತ್ತವೆ. ತೀರಾ ಒಣಗಿಸಿ ತೀರಾ ತಂಪಿನಲ್ಲಿಟ್ಟರೆ ಬೇಗ ಸಾಯುತ್ತವೆ. ಕೊಡಗು ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಬಿತ್ತನೆಯ ಬೀಜಕ್ಕೆ ಜರಡಿ ಹಿಡಿದ ಬೂದಿ ಬೆರೆಸಿ, ತೆಳ್ಳಗೆ ಹರಡಿ, ನೆರಳಲ್ಲೇ ಆರಿಸುವ ಕ್ರಮ ಬೆಳೆದುಬಂದಿದ್ದು ಆಕಸ್ಮಿಕವಲ್ಲ. ಬಿಸಿಲ ಕಣ ಕುಡಿಯುವ ಕಾಫಿಗೆ, ನೆರಳು ಬಿತ್ತುವ ಕಾಫಿಗೆ.

ಪರಂಗಿಯದ್ದು ಇನ್ನೊಂದು ವಿಚಿತ್ರ. ಒಣಗಿಸಿದಾಗ ಅದು ಸಾಯದಿದ್ದರೂ ಗಾಢ ನಿದ್ದೆಗೆ ಜಾರುತ್ತದೆ. ಹಸಿಯಾಗಿದ್ದಾಗ ಮೊಳೆಯುತ್ತಿದ್ದ ಬೀಜವೇ ಒಣಗಿದ ಮೇಲೆ ತೆಪ್ಪಗಿರುತ್ತದೆ. ರೈತ ಅದನ್ನು ಸತ್ತ ಬೀಜವೆಂದೇ ತಿಳಿಯುತ್ತಾನೆ. 2000ದಲ್ಲಿ ವುಡ್, ಪ್ರಿಚರ್ಡ್ ಮತ್ತು ಅಮೃತ್‌ಫಲೆ ಎಂಬ ಸಂಶೋಧಕರು, ನೀರು ಕುಡಿದ ಇಂಥ ಬೀಜಕ್ಕೆ ಸ್ವಲ್ಪ ಹೊತ್ತು ಬಿಸಿ ತಾಗಿಸಿದರೆ ನಿದ್ದೆ ಒಡೆಯುತ್ತದೆ ಎಂದು ತೋರಿಸಿದರು. ಹಗಲು ಕಾವು ಇರುಳು ತಂಪು ಇರುವ ಕಡೆ ಪರಂಗಿ ಚೆನ್ನಾಗಿ ಹುಟ್ಟುವುದಕ್ಕೂ, ಇಡೀ ದಿನ ಒಂದೇ ತಣ್ಣನೆಯ ನೆರಳುಮನೆಯಲ್ಲಿ ಮುನಿಸಿಕೊಳ್ಳುವುದಕ್ಕೂ ಇದಕ್ಕೂ ಸಂಬಂಧವಿದೆ.

ಒಣಬೀಜದ ಆಯಸ್ಸಿಗೆ ಅಮೆರಿಕದ ಜೆ. ಎಫ್. ಹ್ಯಾರಿಂಗ್ಟನ್ ಕೊಟ್ಟ ಕೈಲೆಕ್ಕ ಪ್ರಸಿದ್ಧ. ಬೀಜದ ತೇವಾಂಶ ಶೇ 1ರಷ್ಟು ಇಳಿದರೆ ಆಯಸ್ಸು ಇಮ್ಮಡಿ. ಇಟ್ಟ ಜಾಗದ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಇಳಿದರೆ ಮತ್ತೆ ಇಮ್ಮಡಿ. ಇದಕ್ಕೆ ಮಿತಿಗಳಿವೆ, ಪರಂಗಿಯಂಥ ಮಧ್ಯಮ ಬೀಜಕ್ಕೆ ಮಿತಿ ಇನ್ನೂ ಹತ್ತಿರ. ಆದರೂ ಈ ಲೆಕ್ಕ ಒಂದು ವಿಷಯವನ್ನು ಕಣ್ಣಿಗೆ ಹಿಡಿಯುತ್ತದೆ: ಬೀಜ ಮುದಿಯಾಗುವುದು ದಿನಗಳಿಂದಷ್ಟೇ ಅಲ್ಲ, ನೀರು ಮತ್ತು ಕಾವಿನಿಂದ. ಒಣಗಿದ ಬೀಜದ ಜೀವರಸ ಗಾಜಿನಂತೆ ಗಟ್ಟಿಯಾಗಿ, ಒಳಗಿನ ಅಣುಗಳು ಅಲುಗದೆ ನಿಂತಿರುತ್ತವೆ. ತೇವ ಸಿಕ್ಕಿದೊಡನೆ ಅದು ಸಡಿಲವಾಗುತ್ತದೆ. ಜೀವಕೋಶದ ಪೊರೆಯ ಎಣ್ಣೆಯಂಶ ಕಮಟಲು ಶುರುವಾಗುತ್ತದೆ, ವಂಶವಾಹಿಯ ಎಳೆಗಳು ಅಲ್ಲಲ್ಲಿ ತುಂಡಾಗುತ್ತವೆ, ರಿಪೇರಿ ಮಾಡುವಷ್ಟು ನೀರು ಮಾತ್ರ ಇರುವುದಿಲ್ಲ. ಶಕ್ತಿ ಮೊದಲು ಕುಂದುತ್ತದೆ, ಜೀವ ಹೋಗುವುದು ಆಮೇಲೆ. ಪೊಟ್ಟಣದ ಮೇಲಿನ ಮೊಳಕೆ ಪ್ರಮಾಣ ಇನ್ನೂ ಸರಿಯಿರುವಾಗಲೇ ಸಸಿಗಳು ಸಣಕಲಾಗಿ, ಒಂದೊಂದಾಗಿ, ತಡವಾಗಿ ಹುಟ್ಟತೊಡಗುವುದು ಇದರಿಂದ.

ಆಷಾಢದ ಮಂಗಳೂರಿನಲ್ಲಿ ಬಾಯಿ ತೆರೆದಿಟ್ಟ ಬೀಜದ ಪೊಟ್ಟಣ ಮುಚ್ಚಿಟ್ಟ ಅಲಮಾರಿಯಲ್ಲೇ ಗಾಳಿಯಿಂದ ನೀರು ಕುಡಿಯುತ್ತದೆ. ಮೊದಲು ಅಟ್ಟದ ಹೊಗೆ ಇತ್ತು. ಒಲೆಯ ಮೇಲೆ ತೂಗುಬಿಟ್ಟ ಸೋರೆಬುರುಡೆಯಲ್ಲಿ ಬೀಜ ಬೆಚ್ಚಗೆ ಒಣಗಿರುತ್ತಿತ್ತು, ಹುಳವೂ ಹತ್ತುತ್ತಿರಲಿಲ್ಲ. ಗ್ಯಾಸ್ ಒಲೆ ಬಂದು ಹೊಗೆ ಹೋಯಿತು, ಹೆಣ್ಣುಮಕ್ಕಳ ಕಣ್ಣು ಪುಪ್ಪುಸ ಉಳಿದವು. ಆ ಹೊಗೆ ಮರಳಿ ಬರಲೆಂದು ನಾನು ಬಯಸುವುದಿಲ್ಲ. ಬೀಜಕ್ಕೆ ಮಾತ್ರ ಬದಲಿ ಏರ್ಪಾಡು ಆಗಲಿಲ್ಲ. ಕ್ಯಾಲಿಫೋರ್ನಿಯಾದ ಕೆಂಟ್ ಬ್ರಾಡ್‌ಫೋರ್ಡ್ ಮತ್ತು ಜೊತೆಗಾರರು ಒಣ ಸರಪಳಿ ಎಂಬ ವಿಚಾರವನ್ನು ಮುಂದಿಡುತ್ತಾರೆ. ಹಾಲಿಗೆ ತಂಪಿನ ಸರಪಳಿ ಬೇಕಾದಂತೆ ಬೀಜಕ್ಕೆ ಕಣದಿಂದ ಬಿತ್ತನೆಯವರೆಗೆ ಒಣತನ ಕಡಿಯಬಾರದು ಎನ್ನುವುದು ಅದರ ಸಾರ. ಬಿಸಿಯ ದೇಶಗಳಲ್ಲಿ ಎಲ್ಲ ಕಡೆ ಶೀತಲಗೃಹ ಕಟ್ಟುವುದು ಆಗದ ಮಾತು. ಚೆನ್ನಾಗಿ ಒಣಗಿಸಿ ಗಾಳಿ ನುಸುಳದಂತೆ ಮುಚ್ಚುವುದು ಮನೆಯಲ್ಲೂ ಆಗುತ್ತದೆ.

ಹೀಗೆ ಕಾಪಾಡಿದ ಬೀಜವನ್ನು ಬಿತ್ತುವ ಮೊದಲು ಎಬ್ಬಿಸಬೇಕು. ಇದಕ್ಕೆ ಈಗಿನ ಹೆಸರು ಪ್ರೈಮಿಂಗ್. ಕೆಲಸ ಹೊಸದಲ್ಲ. ಸೌತೆಬೀಜವನ್ನು ಹಾಲಿನಲ್ಲೋ ನೀರಿನಲ್ಲೋ ನೆನೆಸಿದರೆ ಬೇಗ ಮೊಳೆಯುತ್ತದೆ ಎಂದು ಗ್ರೀಸಿನ ಥಿಯೊಫ್ರಾಸ್ಟಸ್ ಕ್ರಿಸ್ತಪೂರ್ವದಲ್ಲೇ ಬರೆದಿದ್ದ. ನಮ್ಮಲ್ಲಿ ಸುರಪಾಲನ ವೃಕ್ಷಾಯುರ್ವೇದ ಬೀಜವನ್ನು ಹಾಲಿನಲ್ಲಿ ತೊಯ್ಸಿ, ಆರಿಸಿ, ವಾಯುವಿಳಂಗದ ಹೊಗೆ ಹಾಕುವ ಕ್ರಮ ಹೇಳುತ್ತದೆ. ಕನ್ನಡದಲ್ಲೇ, ಚಾಲುಕ್ಯರ ಕಾಲದ ಚಾವುಂಡರಾಯ ಸುಮಾರು 1025ರಲ್ಲಿ ಬರೆದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದಕ್ಕೊಂದು ಅಧ್ಯಾಯವಿದೆ. ಇವುಗಳನ್ನು ಓದುವಾಗ ಹಾಲಿಗೆ, ಜೇನಿಗೆ ಅದ್ಭುತ ಶಕ್ತಿಯಿದೆ ಎಂದು ಕೊಂಡಾಡುವವರಿದ್ದಾರೆ, ಎಲ್ಲವೂ ಬರೀ ನಂಬಿಕೆ ಎಂದು ತಳ್ಳುವವರೂ ಇದ್ದಾರೆ. ನನಗೆ ಕಾಣುವುದು ಬೇರೆ: ನೆನೆಸು, ಆರಿಸು, ಆಮೇಲೆ ಬಿತ್ತು ಎಂಬ ಮೂರು ಹೆಜ್ಜೆಯ ಕ್ರಮ. ಕೆಲಸ ಮಾಡಿದ್ದು ಬಹುಪಾಲು ಅದೇ ಇರಬೇಕು.

ಒಣಬೀಜಕ್ಕೆ ನೀರು ಸಿಕ್ಕಾಗ ಮೊದಲು ಅದು ಗಟಗಟ ಕುಡಿಯುತ್ತದೆ. ಸತ್ತ ಬೀಜವೂ ಇಷ್ಟು ಮಾಡುತ್ತದೆ. ಆಮೇಲೆ ಕುಡಿಯುವುದು ನಿಂತಂತೆ ಕಾಣುವ ಒಂದು ಬಿಡುವು. ಹೊರಗೆ ಏನೂ ಕಾಣದ ಈ ಹೊತ್ತಿನಲ್ಲೇ ಒಳಗೆ ಎಲ್ಲ ಕೆಲಸ: ತುಂಡಾದ ವಂಶವಾಹಿಯ ಎಳೆ ಬೆಸೆಯುವುದು, ಉಸಿರಾಟದ ಯಂತ್ರಗಳ ರಿಪೇರಿ, ಕೂಡಿಟ್ಟ ಆಹಾರವನ್ನು ಕರಗಿಸುವ ಕಿಣ್ವಗಳ ತಯಾರಿ. ಮೂರನೆಯದಾಗಿ ಬೇರು ಹೊರಬರುತ್ತದೆ. ಬೇರು ಬಂದ ಮೇಲೆ ಒಣಗಿಸಿದರೆ ಬೀಜ ಸತ್ತಿತು. ಅದಕ್ಕೂ ಮುಂಚೆ, ಆ ಎರಡನೇ ಹಂತದಲ್ಲೇ ತಡೆದು ಆರಿಸಿದರೆ ಮಾಡಿಕೊಂಡ ತಯಾರಿ ಉಳಿಯುತ್ತದೆ. ಮುಂದಿದ್ದ ಬೀಜ ಬೇರು ಬಿಡಲಾರದೆ ಕಾಯುತ್ತಿರುವಾಗ ಹಿಂದಿದ್ದದ್ದು ಬಂದು ಅದರ ಪಕ್ಕ ನಿಲ್ಲುತ್ತದೆ. ಬಿತ್ತಿದಾಗ ಎಲ್ಲವೂ ಒಟ್ಟಿಗೆ ಏಳುವುದು ಈ ಕಾರಣಕ್ಕೆ.

1973ರಲ್ಲಿ ನಾಟಿಂಗ್‌ಹ್ಯಾಮಿನ ವಾಲ್ಟರ್ ಹೈಡೆಕರ್ ಮತ್ತು ಸಂಗಡಿಗರು ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣದಲ್ಲಿ ಬೀಜ ನೆನೆಸಿ ಈ ತಡೆಯುವಿಕೆಯನ್ನು ಸಾಧಿಸಿದರು. ಆ ದ್ರಾವಣ ಬೀಜಕ್ಕೆ ಬೇಕಾದಷ್ಟು ನೀರು ಬಿಡುವುದಿಲ್ಲ, ಬೇರು ಹೊರಡುವ ಮೊದಲೇ ಕೈ ಬಿಗಿಹಿಡಿಯುತ್ತದೆ. ದುಬಾರಿ ತರಕಾರಿ ಹೂಬೀಜಗಳ ಉದ್ಯಮ ಈ ದಾರಿಯಲ್ಲಿ ಬೆಳೆಯಿತು. ಬಡವರ ದಾರಿ ಸರಳ. 1990ರ ದಶಕದಲ್ಲಿ ಡೇವಿಡ್ ಹ್ಯಾರಿಸ್ ಮತ್ತು ಸಹೋದ್ಯೋಗಿಗಳು ಪಶ್ಚಿಮ ಭಾರತದ ಒಣಸೀಮೆಯ ರೈತರೊಡನೆ ಮೆಕ್ಕೆಜೋಳ, ಭತ್ತ, ಕಡಲೆಯಲ್ಲಿ ಮಾಡಿನೋಡಿದ್ದು ಇಷ್ಟೇ: ರಾತ್ರಿ ನೆನೆಹಾಕಿ, ಬೆಳಿಗ್ಗೆ ಮೇಲ್ಮೈ ಆರಿಸಿ, ಅಂದೇ ಬಿತ್ತುವುದು.

ಪರಂಗಿಗೆ ಬರೀ ನೀರು ಸ್ವಲ್ಪ ಉಪಕಾರ ಮಾಡುತ್ತದೆ, ಜಿಬ್ಬರೆಲಿಕ್ ಆಮ್ಲ ಹೆಚ್ಚು ಮಾಡುತ್ತದೆ. ಸಾಮಾನ್ಯವಾಗಿ ಹೇಳುವ ಪ್ರಮಾಣ 100ರಿಂದ 200 ಪಿಪಿಎಂ, ಅಂದರೆ ಲೀಟರಿಗೆ 100ರಿಂದ 200 ಮಿಲಿಗ್ರಾಂ. ಅಸಲಿ ಪುಡಿ ನೀರಲ್ಲಿ ಸುಲಭವಾಗಿ ಕರಗುವುದಿಲ್ಲ. ಮೊದಲು ಕೆಲವು ಹನಿ ಆಲ್ಕೊಹಾಲಿನಲ್ಲಿ ಕರಗಿಸಿ ಆಮೇಲೆ ನೀರು ಬೆರೆಸಬೇಕು. ಇಲ್ಲದಿದ್ದರೆ ಔಷಧ ತಳದಲ್ಲಿ ಕೂತಿರುತ್ತದೆ, ಬೀಜ ಬರೀ ನೀರು ಕುಡಿದಿರುತ್ತದೆ, ಬೈಗುಳ ಮಾತ್ರ ಬೀಜದ ಅಂಗಡಿಯವನಿಗೆ. ಪೊಟಾಸಿಯಂ ನೈಟ್ರೇಟ್ ದ್ರಾವಣವೂ ನಿದ್ದೆ ಒಡೆಯಲು ಬಳಕೆಯಲ್ಲಿದೆ. ಯಾವುದೇ ಆಗಲಿ, ಪಾತ್ರೆಯ ತಳದಲ್ಲಿ ದಪ್ಪಗೆ ರಾಶಿ ಬಿದ್ದ ಬೀಜಕ್ಕೆ ಗಾಳಿ ಸಿಗುವುದಿಲ್ಲ. ಅಗಲ ಪಾತ್ರೆ, ತೆಳು ಪದರ, ಆಗಾಗ ಕಲಕುವುದು. ಹೆಚ್ಚು ಹೊತ್ತು ಬಿಟ್ಟರೆ ಹೆಚ್ಚು ಲಾಭ ಎಂಬ ಆಸೆ ಬೀಜವನ್ನು ಮುಳುಗಿಸಿ ಕೊಲ್ಲುತ್ತದೆ.

ಪ್ರೈಮಿಂಗ್ ಮಾಡಿದ ಬೀಜವನ್ನು ಮತ್ತೆ ಡಬ್ಬಿಗೆ ತುಂಬಿ ಮುಂದಿನ ಹಂಗಾಮಿಗೆ ಇಟ್ಟರಾಯಿತಲ್ಲ ಎಂದು ಅನಿಸುವುದು ಸಹಜ. ಕೂಡಿಡುವ ದಾರಿ, ಎಬ್ಬಿಸುವ ದಾರಿ ಎರಡೂ ಅಡ್ಡಹಾಯುವುದು ಇಲ್ಲೇ. 1992ರಲ್ಲಿ ತಾರ್ಕಿಸ್ ಮತ್ತು ಬ್ರಾಡ್‌ಫೋರ್ಡ್ ಲೆಟ್ಯೂಸ್ ಸೊಪ್ಪಿನ ಬೀಜದಲ್ಲಿ, ಮೊಳಕೆಯನ್ನು ಬೇಗಗೊಳಿಸುವ ಉಪಚಾರವೇ ಬೀಜದ ಹಾಳಾಗುವಿಕೆಯನ್ನೂ ಬೇಗಗೊಳಿಸುತ್ತದೆ ಎಂದು ತೋರಿಸಿದರು. ತರಕಾರಿ ಹೆಚ್ಚಿಟ್ಟರೆ ಅಡುಗೆ ಬೇಗ, ಆದರೆ ಹೆಚ್ಚಿಟ್ಟದ್ದು ಬೇಗ ಕೆಡುತ್ತದಲ್ಲ, ಹಾಗೆ. ಮೊಳಕೆಯ ಕಡೆಗೆ ಹೆಜ್ಜೆ ಇಟ್ಟ ಬೀಜ ಮಲಗುವ ಬಲವನ್ನು ಅಷ್ಟಷ್ಟೇ ಬಿಟ್ಟುಕೊಟ್ಟಿರುತ್ತದೆ. ಹಳೆಯದಾಗುತ್ತಿರುವ, ಆದರೆ ಇನ್ನೂ ಜೀವವಿರುವ ಬೀಜಕ್ಕೆ ಬಿತ್ತುವ ಮುನ್ನ ನೆನೆಸುವುದು ಒಳ್ಳೆಯ ಉಪಕಾರ, ರಿಪೇರಿಗೆ ಸಮಯ ಸಿಗುತ್ತದೆ. ಸತ್ತದ್ದಕ್ಕೆ ಯಾವ ಹಾರ್ಮೋನೂ ಜೀವ ಕೊಡುವುದಿಲ್ಲ. ಹಾಗಾಗಿ ಇಡುವ ಬೀಜವನ್ನು ನೆನೆಸಬೇಡಿ, ನೆನೆಸಿದ ಬೀಜವನ್ನು ಇಡಬೇಡಿ. ಇಷ್ಟನ್ನು ಪ್ರತಿ ಪೊಟ್ಟಣದ ಬೆನ್ನಿಗೆ ಕನ್ನಡದಲ್ಲಿ ಅಚ್ಚು ಹಾಕಿದರೆ ಎಷ್ಟೋ ದುಡ್ಡು ಉಳಿದೀತು.

ಎಲ್ಲ ನಿಯಮಕ್ಕೂ ಸವಾಲಾಗಿ ಪಶ್ಚಿಮ ಘಟ್ಟದಲ್ಲಿ ಉಪ್ಪಾಗೆ ಮರ ನಿಂತಿದೆ. ಉತ್ತರ ಕನ್ನಡದ ಕಾಡಂಚಿನ ಕುಟುಂಬಗಳಿಗೆ ಅದರ ಒಣಸಿಪ್ಪೆ ಹಣ ತರುವ ಸರಕು. ಅದರ ಬೀಜ ಊರಿದರೆ ಮೊಳೆಯಲು ಐದರಿಂದ ಏಳು ತಿಂಗಳು ಬೇಕು. ಹಲಸಿನಂತೆ ಬೇಗ ಎದ್ದು ಹೋಗುವುದಿಲ್ಲ, ಸುಮ್ಮನೆ ಮಣ್ಣಲ್ಲಿ ಕೂತಿರುತ್ತದೆ. ಗಟ್ಟಿ ಸಿಪ್ಪೆಯನ್ನು ಜಾಗ್ರತೆಯಿಂದ ಬಿಡಿಸಿದರೆ ಆ ಕಾಯುವಿಕೆ ಬಹಳಷ್ಟು ಕಡಿಮೆಯಾಗುತ್ತದೆ. ಉಗುರಿನಿಂದ ಮಾಡುವ ಈ ಕೆಲಸ ಪ್ರಯೋಗಾಲಯದ ದ್ರಾವಣಗಳಿಗಿಂತ ಕಡಿಮೆಯೇನಲ್ಲ. ಬೀಜ ಒಳಗೆ ಯಾವ ತಡೆಯಿಂದ ಕೂತಿದೆ ಎನ್ನುವುದನ್ನು ತಿಳಿದು ಅದನ್ನಷ್ಟೇ ತೆಗೆಯಬೇಕು: ಪರಂಗಿಗೆ ಲೋಳೆ, ಮಾವಿಗೆ ಚಿಪ್ಪು, ಬೋರೆಗೆ ಕಲ್ಲಿನಂಥ ಓಟೆ, ಹುಣಸೆಗೆ ನೀರು ಬಿಡದ ಹೊರಸಿಪ್ಪೆ. ಎಲ್ಲಕ್ಕೂ ಒಂದೇ ಬಾಟಲಿಯ ಔಷಧ ಮಾರುವವರನ್ನು ನಾನು ನಂಬುವುದಿಲ್ಲ.

ದೀರ್ಘಕಾಲ ಕಾಯುವ ಕೆಲಸ ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋದ್ದು. ಒಣಗಲು ಒಪ್ಪುವ ಬೀಜಗಳು ಅಲ್ಲಿ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಮಲಗಿವೆ. ಒಪ್ಪದವುಗಳ ಭ್ರೂಣದ ಎಳೆಯನ್ನಷ್ಟೇ ಬಿಡಿಸಿ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ ಇಡುವ ಪ್ರಯತ್ನ ನಡೆದಿದೆ. ಉಳಿದಂತೆ ಹಲಸು ನೇರಳೆಗಳ ವೈವಿಧ್ಯ ಉಳಿಯಬೇಕಾದರೆ ಮರವೇ ನಿಂತಿರಬೇಕು. ಹಿತ್ತಲಿನ ಹಳೇ ಹಲಸಿನ ಮರ ಕಡಿದರೆ ಅದರ ಬೀಜವನ್ನು ಎಲ್ಲೋ ಎತ್ತಿಟ್ಟಿದ್ದೇವೆ ಎಂಬ ಸಮಾಧಾನಕ್ಕೆ ಜಾಗವಿಲ್ಲ.

ಕೊಳ್ಳುವ ಬೀಜದ ವಿಷಯದಲ್ಲಿ 1966ರ ಬೀಜ ಕಾಯ್ದೆ ಮತ್ತು 1968ರ ನಿಯಮಗಳು ರೈತನಿಗೆ ಒಂದಿಷ್ಟು ರಕ್ಷಣೆ ಕೊಟ್ಟಿವೆ. ಪ್ರಮಾಣಿತ ಬೀಜದ ಚೀಟಿಯ ಮೇಲೆ ಮೊಳಕೆ ಪ್ರಮಾಣ, ಪರೀಕ್ಷೆಯ ದಿನ ಇರಬೇಕು. ಪ್ರಮಾಣಪತ್ರದ ಬಾಳಿಕೆ ಒಂಬತ್ತು ತಿಂಗಳು, ಮರುಪರೀಕ್ಷೆಯಲ್ಲಿ ಗೆದ್ದರೆ ಇನ್ನಾರು ತಿಂಗಳು. ಇಷ್ಟಿದ್ದರೂ ಕೊಳ್ಳುವವನಿಗೆ ಬೀಜ ಯಾವ ಹಂಗಾಮಿನ ಹಣ್ಣಿನದು, ಪರೀಕ್ಷೆಯ ನಂತರ ಎಂಥ ಗೋದಾಮಿನಲ್ಲಿತ್ತು ಎನ್ನುವುದು ಗೊತ್ತಾಗುವುದಿಲ್ಲ. ಬೇಸಿಗೆಯಲ್ಲಿ ತಗಡಿನ ಸೂರಿನ ಅಂಗಡಿಯ ಗಾಜಿನ ಕಪಾಟಿನಲ್ಲಿ ಬಿಸಿಲಿಗೆ ಮುಖಮಾಡಿ ಕೂತ ಪೊಟ್ಟಣದ ಮೇಲೂ ಅದೇ ಅಂಕಿ ಅಚ್ಚಾಗಿರುತ್ತದೆ. ಹಣ್ಣಿನಿಂದ ಬೀಜ ತೆಗೆದ ತಿಂಗಳನ್ನು ಮುದ್ರಿಸಲು ಕಂಪನಿಗಳಿಗೆ ಖರ್ಚೇನೂ ಇಲ್ಲ. ಅದನ್ನು ಕೇಳುವ ಹಕ್ಕು ಬೆಳೆಗಾರರಿಗಿದೆ, ಒಟ್ಟಾಗಿ ಕೇಳಬೇಕು.

ಈ ಸಲ ಬಿತ್ತಿ ಅರ್ಧ ಪೊಟ್ಟಣ ಪರಂಗಿ ಬೀಜ ಉಳಿದಿದ್ದರೆ ಹೀಗೆ ಮಾಡಿ. ನೆನೆಸಿದ ಬೀಜವನ್ನು ಅದರೊಡನೆ ಸೇರಿಸಬೇಡಿ. ಒಣಬೀಜವನ್ನು ಕಾಗದದಲ್ಲಿ ಮಡಿಚಿ, ಬಿಗಿ ಮುಚ್ಚಳದ ಗಾಜಿನ ಸೀಸೆಗೆ ಹಾಕಿ. ಜೊತೆಗೆ ಔಷಧದ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ಲಿನ ಪುಟ್ಟ ಚೀಲವೊಂದನ್ನು ಇಡಿ. ತೀರಾ ಹೆಚ್ಚು ಹಾಕಿದರೆ ಪರಂಗಿ ಅತಿಯಾಗಿ ಒಣಗೀತು. ಸೀಸೆಯ ಮೇಲೆ ತಳಿಯ ಹೆಸರು, ಪರೀಕ್ಷೆಯ ದಿನ, ಪೊಟ್ಟಣ ಒಡೆದ ದಿನ ಬರೆಯಿರಿ. ಮನೆಯ ತಣ್ಣನೆಯ ಮೂಲೆ ಸಾಕು. ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಟ್ಟಿದ್ದರೆ, ತೆಗೆದೊಡನೆ ಮುಚ್ಚಳ ತೆರೆಯದೆ ಹೊರಗಿನ ಕಾವಿಗೆ ಬರುವ ತನಕ ಕಾಯಿರಿ, ಇಲ್ಲವಾದರೆ ಗಾಳಿಯ ತೇವವೆಲ್ಲ ತಣ್ಣಗಿರುವ ಬೀಜದ ಮೇಲೆ ಹನಿಗಟ್ಟುತ್ತದೆ. ಮುಂದಿನ ಬಿತ್ತನೆಗೆ ಒಂದು ತಿಂಗಳು ಮುಂಚೆ ಇಪ್ಪತ್ತೈದು ಬೀಜ ಎಣಿಸಿ, ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿನ ಕಡೆ ಇಡಿ. ಎಷ್ಟು ಮೊಳೆತವು ಎನ್ನುವುದರ ಜೊತೆಗೆ ಮೊದಲನೆಯದಕ್ಕೂ ಕೊನೆಯದಕ್ಕೂ ಎಷ್ಟು ದಿನದ ಅಂತರ ಬಿತ್ತು ಎಂದೂ ಬರೆದಿಟ್ಟುಕೊಳ್ಳಿ. ಅಂತರ ಒಂದು ವಾರದೊಳಗಿದ್ದರೆ ಆ ಸೀಸೆಯನ್ನು ನಂಬಬಹುದು. ಮೂರು ವಾರ ಎಳೆದರೆ, ಮೊಳೆತ ಸಂಖ್ಯೆ ಎಷ್ಟೇ ಚೆನ್ನಾಗಿರಲಿ, ಹೊಸ ಬೀಜಕ್ಕೆ ಈಗಲೇ ಹೇಳಿಡಿ.